ಹೈಡ್ರೊಕಾರ್ಬನ್ ಅನಿಲಗಳ ಉಸಿರಾಟದ ವಿಷತ್ವ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಅನಿಲಗಳ ಮಾತು ಬರುತ್ತದೆ?

ಇಂಗಾಲ ಮತ್ತು ಜಲಜನಕ ಇವೆರಡೇ ಧಾತುಗಳಿಂದಾದ, ಒಂದರಿಂದ ನಾಲ್ಕು ಇಂಗಾಲದ ಪರಮಾಣುಗಳುಳ್ಳ, ಕೋಣೆಯ ಉಷ್ಣಾಂಶದಲ್ಲಿ ಅನಿಲವಾಗಿರುವ ಸಂಯುಕ್ತಗಳನ್ನು ಇಲ್ಲಿ ಪರಿಗಣಿಸಲಾಗಿದೆ. ಮೀಥೇನ್, ಈಥೇನ್, ಪ್ರೊಪೇನ್, ಎನ್-ಬ್ಯೂಟೇನ್ ಮತ್ತು ಐಸೊಬ್ಯೂಟೇನ್ ಆಲ್ಕೇನ್ ವರ್ಗಕ್ಕೆ ಸೇರುತ್ತವೆ. ಎಥಿಲೀನ್, ಪ್ರೊಪಿಲೀನ್, ಐಸೊಬ್ಯೂಟಿಲೀನ್ ಮತ್ತು 1,3-ಬ್ಯೂಟಾಡೈಯೀನ್‌ಗಳಲ್ಲಿ ದ್ವಿಬಂಧವಿರುತ್ತದೆ. ಮನೆಗಳಿಗೆ ಬರುವ 14.2 ಕೆ.ಜಿ. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ದ್ವಿಬಂಧ ಇದೆಯೋ ಇಲ್ಲವೋ ಎಂಬುದು ರಸಾಯನಶಾಸ್ತ್ರದ ಸಣ್ಣ ವಿವರದಂತೆ ಕಂಡರೂ, ವಿಷಶಾಸ್ತ್ರದಲ್ಲಿ ಈ ಎರಡು ಗುಂಪುಗಳ ದಾರಿಯೇ ಬೇರೆಯಾಗುತ್ತದೆ. ಈ ಬರಹದಲ್ಲಿ ಇಲಿ ಎಂದರೆ ರ್‍ಯಾಟ್, ಸುಂಡಿಲಿ ಎಂದರೆ ಮೌಸ್.

ಅಷ್ಟೇನೂ ವಿಷಕಾರಿಯಲ್ಲವೆಂದು ಹೆಸರಾದ ಅನಿಲಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೇಕೆ?

ಇದಕ್ಕೆ ಒಂದೇ ಕಾರಣವಿಲ್ಲ. ಎಥಿಲೀನ್ ಮತ್ತು ಸೈಕ್ಲೊಪ್ರೊಪೇನ್‌ಗಳನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯಾಗಿ ಬಳಸುತ್ತಿದ್ದರು. ಆಗಿನ ಪ್ರಯೋಗಗಳ ಉದ್ದೇಶ ಎಷ್ಟು ಸಾಂದ್ರತೆಯಲ್ಲಿ ಪ್ರಾಣಿ ಮಂಪರಿಗೆ ಜಾರುತ್ತದೆ ಎಂಬುದನ್ನು ತಿಳಿಯುವುದಾಗಿತ್ತು. ಅಮೆರಿಕದಲ್ಲಿ 1978ರಲ್ಲಿ ಕ್ಲೋರೊಫ್ಲೋರೊಕಾರ್ಬನ್‌ಗಳನ್ನು ಸ್ಪ್ರೇ ಡಬ್ಬಿಗಳಿಂದ ಹೊರಗಿಟ್ಟ ಮೇಲೆ ಅವುಗಳ ಜಾಗಕ್ಕೆ ಪ್ರೊಪೇನ್, ಬ್ಯೂಟೇನ್ ಮತ್ತು ಐಸೊಬ್ಯೂಟೇನ್ ಬಂದವು. ಹೇರ್ ಸ್ಪ್ರೇ, ಡಿಯೋಡರೆಂಟ್‌ಗಳ ಮೂಲಕ ಅವು ಜನಸಾಮಾನ್ಯರ ಉಸಿರಿಗೆ ತಲುಪತೊಡಗಿದ್ದರಿಂದ ಸುರಕ್ಷತೆಯ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. 1998ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರಿ ಪ್ರಮಾಣದಲ್ಲಿ ಉತ್ಪಾದನೆಯಾಗುವ ರಾಸಾಯನಿಕಗಳ ಕನಿಷ್ಠ ಮಾಹಿತಿಯನ್ನಾದರೂ ಒದಗಿಸುವಂತೆ ಉದ್ಯಮಗಳಿಗೆ ಕರೆ ಕೊಟ್ಟಾಗ ಬಯಲಾದ ಸಂಗತಿಯೆಂದರೆ, ಲಕ್ಷಾಂತರ ಟನ್ ಬಳಕೆಯಾಗುತ್ತಿದ್ದ ಈ ಸರಳ ಅನಿಲಗಳ ವಿಷಯದಲ್ಲಿಯೂ ಸಂತಾನೋತ್ಪತ್ತಿ ಮತ್ತು ಭ್ರೂಣದ ಬೆಳವಣಿಗೆಗೆ ಸಂಬಂಧಿಸಿದ ಆಧುನಿಕ ದತ್ತಾಂಶ ಬಹಳ ತೆಳುವಾಗಿತ್ತು.

ಪ್ರಾಣಿ ಸತ್ತದ್ದು ಅನಿಲದ ವಿಷದಿಂದಲೋ, ಆಮ್ಲಜನಕ ಸಾಲದೆಯೋ ಎಂದು ತಿಳಿಯುವುದು ಹೇಗೆ?

ಈ ಕ್ಷೇತ್ರದ ಮೂಲ ಪ್ರಶ್ನೆಯೇ ಇದು. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 20.9. ಅದಕ್ಕೆ ಯಾವುದೇ ಅನಿಲವನ್ನು ಬೆರೆಸಿದರೂ ಆಮ್ಲಜನಕ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ: ಮಿಶ್ರಣದಲ್ಲಿ ಶೇ. 5ರಷ್ಟು ಪರೀಕ್ಷಾ ಅನಿಲವಿದ್ದರೆ ಆಮ್ಲಜನಕ ಶೇ. 19.9ಕ್ಕೆ, ಶೇ. 20ರಷ್ಟಿದ್ದರೆ ಶೇ. 16.7ಕ್ಕೆ ಇಳಿಯುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ, ಅಂದರೆ ಒಇಸಿಡಿಯ, ಪರೀಕ್ಷಾ ಮಾರ್ಗಸೂಚಿಗಳು ಪ್ರಾಣಿಗಳನ್ನಿಡುವ ಚೇಂಬರಿನಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆಯಾಗಬಾರದು, ಇಂಗಾಲದ ಡೈಆಕ್ಸೈಡ್ ಶೇ. 1ನ್ನು ಮೀರಬಾರದು ಎನ್ನುತ್ತವೆ. ಲೆಕ್ಕ ಹಾಕಿದರೆ ಸುಮಾರು ಶೇ. 9ರಷ್ಟು ಅನಿಲ ಬೆರೆಸುವವರೆಗೂ ಈ ನಿಯಮ ಮುರಿಯುವುದಿಲ್ಲ.

ಹಳೆಯ ದತ್ತಾಂಶವನ್ನು ಓದುವಾಗ ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. 1969ರಲ್ಲಿ ಪ್ರಕಟವಾದ ಸೋವಿಯತ್ ಅಧ್ಯಯನವೊಂದರ ಪ್ರಕಾರ, 4 ಗಂಟೆಗಳ ಕಾಲ ಉಸಿರಾಡಿದ ಇಲಿಗಳಲ್ಲಿ ಅರ್ಧದಷ್ಟು ಸಾಯುವ ಎನ್-ಬ್ಯೂಟೇನ್ ಸಾಂದ್ರತೆ, ಅಂದರೆ ಎಲ್‌ಸಿ50, ಪ್ರತಿ ಘನಮೀಟರಿಗೆ 658 ಗ್ರಾಂ. ಇದನ್ನು ಗಾತ್ರದ ಅಳತೆಗೆ ತಂದರೆ ಸುಮಾರು 2,77,000 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಅಷ್ಟು ಭಾಗ), ಅಂದರೆ ಶೇ. 27.7 ಆಗುತ್ತದೆ. ಅನಿಲವನ್ನು ಬರಿಯ ಗಾಳಿಗೆ ಬೆರೆಸಿದ್ದರೆ ಉಳಿದ ಆಮ್ಲಜನಕ ಶೇ. 15ರಷ್ಟು, ನೀಲಗಿರಿಯ ದೊಡ್ಡಬೆಟ್ಟದ 2,637 ಮೀಟರ್ ಎತ್ತರದ ತುದಿಯಲ್ಲಿ ನಿಂತವರಿಗೆ ಉಸಿರಿನಲ್ಲಿ ದೊರೆಯುವುದೂ ಹೆಚ್ಚುಕಡಿಮೆ ಅಷ್ಟೇ ಆಮ್ಲಜನಕ. ಅಲ್ಲಿಗೆ ಹೋದ ಪ್ರವಾಸಿಗರಾಗಲಿ ಅಲ್ಲಿನ ಇಲಿಗಳಾಗಲಿ 4 ಗಂಟೆಯಲ್ಲಿ ಸಾಯುವುದಿಲ್ಲ. ಹಾಗಾಗಿ ಈ ಸಾವುಗಳನ್ನು ಕೇವಲ ಉಸಿರುಗಟ್ಟುವಿಕೆಯ ಲೆಕ್ಕಕ್ಕೆ ಹಾಕಲಾಗದು. ಬ್ಯೂಟೇನ್ ಮೆದುಳನ್ನು ಮಂಪರಿಗೆ ದೂಡುವ ಗುಣವುಳ್ಳ ಅನಿಲವೆಂದು ಒಪ್ಪಲೇಬೇಕಾಗುತ್ತದೆ. ಮೀಥೇನ್‌ನ ವಿಷಯ ಹಾಗಲ್ಲ. ಸಾಮಾನ್ಯ ವಾಯುಒತ್ತಡದಲ್ಲಿ ಅದು ಮಾಡುವ ಹಾನಿಯೆಲ್ಲ ಆಮ್ಲಜನಕದ ಜಾಗವನ್ನು ಆಕ್ರಮಿಸುವುದರಿಂದ ಬರುವಂಥದು. ಇಂಗಾಲದ ಸರಪಳಿ ಉದ್ದವಾದಷ್ಟೂ ಅನಿಲವು ಕೊಬ್ಬಿನಲ್ಲಿ ಹೆಚ್ಚು ಕರಗುತ್ತದೆ, ಮಂಪರಿನ ಗುಣವೂ ಹೆಚ್ಚುತ್ತದೆ.

ಆಮ್ಲಜನಕವನ್ನು ಹೊರಗಿನಿಂದ ಸೇರಿಸಿ ಈ ಗೊಂದಲವನ್ನು ತಪ್ಪಿಸಬಹುದಲ್ಲವೇ?

ಸೇರಿಸಬಹುದು, ಸೇರಿಸಿದ್ದೂ ಉಂಟು. ಆದರೆ ಆಮ್ಲಜನಕ ಹೆಚ್ಚಾದಂತೆ ಉರಿಯಬಲ್ಲ ಮಿಶ್ರಣದ ವ್ಯಾಪ್ತಿಯೂ ಮೇಲ್ಮುಖವಾಗಿ ಹಿಗ್ಗುತ್ತದೆ. ಒಂದು ಸಮಸ್ಯೆಯನ್ನು ಬಿಡಿಸಲು ಹೋಗಿ ಇನ್ನೂ ದೊಡ್ಡದನ್ನು ಕಟ್ಟಿಕೊಂಡಂತೆ.

ಹಾಗಾದರೆ ಪರೀಕ್ಷೆಯ ಗರಿಷ್ಠ ಸಾಂದ್ರತೆಯನ್ನು ನಿರ್ಧರಿಸುವುದು ಯಾವುದು?

ಬಹುಮಟ್ಟಿಗೆ ಬೆಂಕಿ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ, ಪ್ರೊಪೇನ್ ಸುಮಾರು ಶೇ. 2.1ರಿಂದ 9.5ರವರೆಗೆ, ಬ್ಯೂಟೇನ್ ಸುಮಾರು ಶೇ. 1.8ರಿಂದ 8.4ರವರೆಗೆ ಸ್ಫೋಟಿಸಬಲ್ಲವು. ಆಮ್ಲಜನಕದ ನಿಯಮ ಅಡ್ಡಬರುವುದು ಶೇ. 9ರ ಆಸುಪಾಸಿನಲ್ಲಿ; ಸ್ಫೋಟದ ಕೆಳಮಿತಿ ಅದಕ್ಕಿಂತ ಬಹಳ ಮೊದಲೇ ಎದುರಾಗುತ್ತದೆ. ಇಲ್ಲಿ ಒಂದು ವಿಚಿತ್ರವೂ ಇದೆ. ರಾಸಾಯನಿಕಗಳ ವರ್ಗೀಕರಣಕ್ಕೆ ಜಗತ್ತಿನಾದ್ಯಂತ ಬಳಸುವ ಜಿಎಚ್‌ಎಸ್ ಪದ್ಧತಿಯಲ್ಲಿ ಅನಿಲಗಳ ತೀವ್ರ ವಿಷತ್ವದ ನಾಲ್ಕನೆಯ ದರ್ಜೆ 4 ಗಂಟೆಗೆ 20,000 ಪಿಪಿಎಂನಲ್ಲಿ ಮುಗಿಯುತ್ತದೆ. 20,000 ಪಿಪಿಎಂ ಎಂದರೆ ಶೇ. 2. ಅದು ಪ್ರೊಪೇನ್‌ನ ಸ್ಫೋಟಮಿತಿಯ ಹೊಸ್ತಿಲಿನಲ್ಲಿದೆ, ಬ್ಯೂಟೇನ್‌ನ ಮಿತಿಯನ್ನು ಆಗಲೇ ದಾಟಿದೆ. ವರ್ಗೀಕರಣದ ಕೋಷ್ಟಕವನ್ನು ತುಂಬಲೆಂದು ಬ್ಯೂಟೇನ್‌ಗೆ ಆ ಮಿತಿಯ ಪರೀಕ್ಷೆ ನಡೆಸಲು ಹೊರಟ ಪ್ರಯೋಗಾಲಯ ಉರಿಯಬಲ್ಲ ಮಿಶ್ರಣವನ್ನು ಗಂಟೆಗಟ್ಟಲೆ ಒಂದು ಡಬ್ಬದಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಎಲ್‌ಸಿ50ಯ ಶೇ. 27.7 ಸ್ಫೋಟದ ಮೇಲಿನ ಮಿತಿಯನ್ನು ಮೀರಿದ್ದರಿಂದ ಅದು ಉರಿಯಲಾರದು ನಿಜ; ಆದರೆ ಚೇಂಬರ್ ತುಂಬುವಾಗ ಒಮ್ಮೆ, ಖಾಲಿ ಮಾಡುವಾಗ ಮತ್ತೊಮ್ಮೆ ಮಿಶ್ರಣವು ಉರಿಯುವ ವ್ಯಾಪ್ತಿಯ ಮೂಲಕವೇ ಹಾದುಹೋಗಬೇಕು.

ಈ ಕಾರಣಕ್ಕಾಗಿ ಇತ್ತೀಚಿನ ದೀರ್ಘ ಪರೀಕ್ಷೆಗಳಲ್ಲಿ ಗರಿಷ್ಠ ಸಾಂದ್ರತೆಯನ್ನು ಸ್ಫೋಟದ ಕೆಳಮಿತಿಯ ಅರ್ಧದ ಆಸುಪಾಸಿನಲ್ಲಿ ನಿಲ್ಲಿಸುವುದು ರೂಢಿ. ವರದಿಯಲ್ಲಿ ಅತ್ಯಧಿಕ ಸಾಂದ್ರತೆಯಲ್ಲಿಯೂ ದುಷ್ಪರಿಣಾಮ ಕಂಡುಬರಲಿಲ್ಲ ಎಂಬ ವಾಕ್ಯವನ್ನು ಓದಿದಾಗ, ಆ ಅತ್ಯಧಿಕ ಎಂಬುದನ್ನು ಗೊತ್ತುಮಾಡಿದ್ದು ಪ್ರಾಣಿಯ ದೇಹವಲ್ಲ, ಕಟ್ಟಡದ ಸುರಕ್ಷತೆ ಎಂಬುದನ್ನು ನೆನಪಿಡಬೇಕು. ಅಂಥ ಸಂಖ್ಯೆ ಕನಿಷ್ಠಪಕ್ಷ ಇಲ್ಲಿಯವರೆಗೆ ಹಾನಿಯಿಲ್ಲ ಎಂದು ಹೇಳುತ್ತದೆಯೇ ಹೊರತು, ಹಾನಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಚೇಂಬರ್ ಎಂದರೆ ಹೇಗಿರುತ್ತದೆ? ಅಲ್ಲಿ ಒಂದು ದಿನದ ಕೆಲಸ ಹೇಗೆ ಸಾಗುತ್ತದೆ?

ಪ್ರಾಣಿಯ ಮೂಗನ್ನು ಮಾತ್ರ ಅನಿಲಕ್ಕೆ ಒಡ್ಡುವ ಕೊಳವೆಗಳ ವ್ಯವಸ್ಥೆ ಒಂದು ಬಗೆ. ಇಡೀ ದೇಹ ಅನಿಲದಲ್ಲಿರುವ ಚೇಂಬರ್ ಇನ್ನೊಂದು ಬಗೆ. ಧೂಳು ಮತ್ತು ತುಂತುರಿನ ಪರೀಕ್ಷೆಯಲ್ಲಿ ಕಣಗಳು ತುಪ್ಪಳದ ಮೇಲೆ ಕೂತು, ಪ್ರಾಣಿ ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುವುದರಿಂದ ಮೊದಲನೆಯ ಬಗೆ ಮೇಲು. ಹೈಡ್ರೊಕಾರ್ಬನ್ ಅನಿಲಗಳು ತುಪ್ಪಳಕ್ಕೆ ಅಂಟುವುದಿಲ್ಲ, ಪರೀಕ್ಷೆಯೂ ವಾರಗಟ್ಟಲೆ ನಡೆಯುತ್ತದೆ. ದಿನಕ್ಕೆ 6 ಗಂಟೆ ಕೊಳವೆಯಲ್ಲಿ ಸಿಕ್ಕಿಸಿಟ್ಟ ಇಲಿಯ ತೂಕ ಆ ಒತ್ತಡದಿಂದಲೇ ಇಳಿಯಬಹುದು. ಆದ್ದರಿಂದ ಈ ಅನಿಲಗಳಿಗೆ ಸಾಮಾನ್ಯವಾಗಿ ಇಡೀ ದೇಹದ ಚೇಂಬರನ್ನೇ ಆಯ್ದುಕೊಳ್ಳುತ್ತಾರೆ.

ಅದು ಸ್ಟೇನ್‌ಲೆಸ್ ಸ್ಟೀಲ್ ಮತ್ತು ಗಾಜಿನಿಂದ ಮಾಡಿದ, ಮೇಲೆ ಕೆಳಗೆ ಗೋಪುರದಂತೆ ಕಿರಿದಾಗುವ ದೊಡ್ಡ ಪೆಟ್ಟಿಗೆ. ಒಳಗೆ ತಂತಿಯ ಪಂಜರಗಳಲ್ಲಿ ಒಂದೊಂದು ಪ್ರಾಣಿ ಒಂದೊಂದು ಗೂಡಿನಲ್ಲಿರುತ್ತದೆ. ಒಡ್ಡಿಕೆಯ ಅವಧಿಯಲ್ಲಿ ಆಹಾರವಿರುವುದಿಲ್ಲ. ಎಲ್ಲ ಪ್ರಾಣಿಗಳ ಒಟ್ಟು ಗಾತ್ರ ಚೇಂಬರಿನ ಗಾತ್ರದ ಶೇ. 5ನ್ನು ಮೀರಬಾರದು, ಮೀರಿದರೆ ಅವುಗಳ ಮೈಬಿಸಿ ಮತ್ತು ಮೂತ್ರದ ಅಮೋನಿಯಾ ಫಲಿತಾಂಶವನ್ನು ಕೆಡಿಸುತ್ತವೆ. ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತುಸು ಕಡಿಮೆ ಇಡುವುದರಿಂದ ಸೋರಿಕೆಯಾದರೂ ಗಾಳಿ ಒಳಗೆ ಬರುತ್ತದೆಯೇ ಹೊರತು ಅನಿಲ ಕೋಣೆಗೆ ಹರಡುವುದಿಲ್ಲ.

ಬೆಳಿಗ್ಗೆ ಪ್ರಾಣಿಗಳನ್ನು ಒಳಗಿಟ್ಟು ಅನಿಲವನ್ನು ಬಿಟ್ಟ ಕ್ಷಣಕ್ಕೇ ನಿಗದಿತ ಸಾಂದ್ರತೆ ಬಂದುಬಿಡುವುದಿಲ್ಲ. ಗಂಟೆಗೆ 12 ಬಾರಿ ಚೇಂಬರಿನ ಗಾಳಿ ಬದಲಾಗುತ್ತಿದ್ದರೆ, ಗುರಿಯ ಶೇ. 99ರಷ್ಟನ್ನು ತಲುಪಲು ಸುಮಾರು 23 ನಿಮಿಷ ಬೇಕು. ಸಂಜೆ ಅನಿಲ ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಶುದ್ಧ ಗಾಳಿ ಹರಿಸಿಯೇ ಬಾಗಿಲು ತೆಗೆಯಬೇಕು. ದಿನದಿಂದ ದಿನಕ್ಕೆ ಪಂಜರಗಳ ಸ್ಥಾನವನ್ನು ಅದಲುಬದಲು ಮಾಡುತ್ತಾರೆ, ಏಕೆಂದರೆ ಎಷ್ಟೇ ಚೆನ್ನಾಗಿ ಕಟ್ಟಿದ ಚೇಂಬರಿನಲ್ಲೂ ಮೂಲೆಯ ಗಾಳಿ ಮತ್ತು ನಡುವಿನ ಗಾಳಿ ನೂರಕ್ಕೆ ನೂರು ಒಂದೇ ಆಗಿರುವುದಿಲ್ಲ. ಇದರ ಜೊತೆಗೆ ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ, ಪ್ರೊಪೇನ್ ಒಂದೂವರೆ ಪಟ್ಟು. ಅವುಗಳನ್ನು ಒಳಗೆ ಬಿಡುವ ಮುನ್ನವೇ ಗಾಳಿಯೊಂದಿಗೆ ಚೆನ್ನಾಗಿ ಬೆರೆಸದಿದ್ದರೆ ಕೆಳಸಾಲಿನ ಪಂಜರಗಳ ಪ್ರಾಣಿಗಳಿಗೆ ಬೇರೆಯೇ ಸಾಂದ್ರತೆ ದೊರೆತಿರುವ ಸಾಧ್ಯತೆಯಿದೆ.

ಸಿಲಿಂಡರಿನಿಂದ ನೇರವಾಗಿ ಅನಿಲ ಬಿಟ್ಟರೆ ಸಾಲದೇ?

ಶುದ್ಧ ಅನಿಲವಾದರೆ ಸಾಕು, ಆದರೂ ಎಚ್ಚರ ಬೇಕು. ಎನ್-ಬ್ಯೂಟೇನ್ ಕುದಿಯುವುದು -0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಲಿಂಡರಿನ ದ್ರವ ಆವಿಯಾಗುವಾಗ ತನ್ನದೇ ಶಾಖವನ್ನು ಕಳೆದುಕೊಂಡು ತಣ್ಣಗಾಗುತ್ತದೆ, ಒತ್ತಡ ಕುಸಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಹರಿವು ಕಡಿಮೆಯಾಗುತ್ತದೆ. ಆದ್ದರಿಂದ ಸಿಲಿಂಡರನ್ನು ಹದವಾಗಿ ಬೆಚ್ಚಗಿಡುವ ಏರ್ಪಾಡು ಬೇಕಾಗುತ್ತದೆ. ಎಲ್‌ಪಿಜಿಯಂಥ ಮಿಶ್ರಣದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದದ್ದು: ಪ್ರೊಪೇನ್ ಕುದಿಯುವುದು -42 ಡಿಗ್ರಿಯಲ್ಲಿ, ಹೀಗಾಗಿ ಸಿಲಿಂಡರಿನ ಮೇಲ್ಭಾಗದಿಂದ ಅನಿಲ ತೆಗೆದರೆ ಮೊದಲ ದಿನಗಳಲ್ಲಿ ಪ್ರೊಪೇನ್ ಹೆಚ್ಚು, ಕೊನೆಯ ದಿನಗಳಲ್ಲಿ ಬ್ಯೂಟೇನ್ ಹೆಚ್ಚು ಬರುತ್ತದೆ. ಒಂದೇ ವಸ್ತುವನ್ನು ಪರೀಕ್ಷಿಸುತ್ತಿದ್ದೇವೆಂದು ನಂಬಿ ಪ್ರತಿ ವಾರ ಬೇರೆ ಬೇರೆ ವಸ್ತುವನ್ನು ಪರೀಕ್ಷಿಸಿದಂತಾಗುತ್ತದೆ. ದ್ರವವನ್ನೇ ಹೊರತೆಗೆದು, ಪೂರ್ತಿ ಆವಿಯಾಗಿಸಿ ಕಳಿಸುವುದು ಸರಿಯಾದ ಕ್ರಮ.

ಬ್ಯೂಟಾಡೈಯೀನ್‌ಗೆ ಮತ್ತೊಂದು ಚಾಳಿಯಿದೆ. ಅದರ ಎರಡು ಅಣುಗಳು ಸಿಲಿಂಡರಿನೊಳಗೇ ಕೂಡಿಕೊಂಡು 4-ವಿನೈಲ್‌ಸೈಕ್ಲೊಹೆಕ್ಸೀನ್ ಆಗುತ್ತವೆ, ಅದು ತಾನೇ ಸುಂಡಿಲಿಗಳ ಅಂಡಾಶಯದಲ್ಲಿ ಗೆಡ್ಡೆ ತರುವ ವಸ್ತು. ಇದನ್ನು ಆಗಾಗ ಅಳೆಯದೆ ಬಂದ ಫಲಿತಾಂಶಕ್ಕೆ ಹೊಣೆ ಯಾವುದೆಂದು ಹೇಳಲಾಗದು.

ಸಾಂದ್ರತೆಯನ್ನು ಹೇಗೆ ಅಳೆಯುತ್ತಾರೆ?

ಪ್ರಾಣಿಗಳು ಉಸಿರಾಡುವ ಎತ್ತರದಿಂದಲೇ ಗಾಳಿಯ ಮಾದರಿ ಎಳೆದು, ಜ್ವಾಲಾ ಅಯಾನೀಕರಣ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅಥವಾ ಅವಕೆಂಪು ವಿಶ್ಲೇಷಕದಲ್ಲಿ ಅಳೆಯುತ್ತಾರೆ. ಹರಿವಿನ ಮೀಟರುಗಳ ಲೆಕ್ಕದಿಂದ ಬಂದ ಸಾಂದ್ರತೆ ಬರಿಯ ಅಂದಾಜು. ವರದಿಗೆ ಬೇಕಾದದ್ದು ನಿಜವಾಗಿ ಅಳೆದ ಸಾಂದ್ರತೆ. ಅನಿಲ ಮತ್ತು ಆವಿಗಳಲ್ಲಿ ಒಂದೊಂದು ಮಾದರಿಯೂ ಸರಾಸರಿಯಿಂದ ಶೇ. 10ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಪಿಪಿಎಂ ಅನ್ನು ಘನಮೀಟರಿಗೆ ಮಿಲಿಗ್ರಾಂ ಆಗಿ ಬದಲಿಸಲು ಅಣುತೂಕದಿಂದ ಗುಣಿಸಿ 24.45ರಿಂದ ಭಾಗಿಸಬೇಕು, 1,000 ಪಿಪಿಎಂ ಪ್ರೊಪೇನ್ ಎಂದರೆ ಸುಮಾರು 1,800 ಮಿಲಿಗ್ರಾಂ.

ಯಾವ ಪ್ರಾಣಿಗಳು, ಎಷ್ಟು, ಎಷ್ಟು ದಿನ?

ಹೆಚ್ಚಿನವು ಇಲಿಗಳು. ಒಂದೇ ಬಾರಿಯ ಒಡ್ಡಿಕೆಯ ತೀವ್ರ ಪರೀಕ್ಷೆ ಒಇಸಿಡಿಯ 403ನೆಯ ಮಾರ್ಗಸೂಚಿಯಂತೆ ಸಾಮಾನ್ಯವಾಗಿ 4 ಗಂಟೆಯದು, ಆಮೇಲೆ 14 ದಿನಗಳ ನಿಗಾ ಇರುತ್ತದೆ. 412ನೆಯದು 28 ದಿನಗಳ, 413ನೆಯದು 90 ದಿನಗಳ ಪರೀಕ್ಷೆ. ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ. 90 ದಿನಗಳ ಪರೀಕ್ಷೆಯಲ್ಲಿ ಪ್ರತಿ ಗುಂಪಿಗೆ 10 ಗಂಡು, 10 ಹೆಣ್ಣು. ಮೂರು ಸಾಂದ್ರತೆಗಳ ಗುಂಪುಗಳ ಜೊತೆಗೆ ಬರಿಯ ಗಾಳಿಯ ನಿಯಂತ್ರಣ ಗುಂಪೊಂದು ಇರುತ್ತದೆ. ಈ ನಿಯಂತ್ರಣ ಗುಂಪನ್ನೂ ಅಂಥದೇ ಚೇಂಬರಿನಲ್ಲಿ, ಅಷ್ಟೇ ಹೊತ್ತು, ಅದೇ ರೀತಿ ಆಹಾರವಿಲ್ಲದೆ ಇರಿಸಬೇಕು. ಇಲಿಮನೆಯ ಗೂಡಿನಲ್ಲೇ ಬಿಟ್ಟ ಪ್ರಾಣಿಗಳನ್ನು ಹೋಲಿಕೆಗೆ ಬಳಸಿದ ವರದಿ ಕಣ್ಣಿಗೆ ಬಿದ್ದರೆ ಅದರ ತೂಕದ ಕೋಷ್ಟಕವನ್ನು ನಂಬದಿರುವುದೇ ಮೇಲು. ಕ್ಯಾನ್ಸರಿನ ಪರೀಕ್ಷೆ ಎರಡು ವರ್ಷ ನಡೆಯುತ್ತದೆ, ಪ್ರತಿ ಗುಂಪಿಗೆ ಗಂಡು ಹೆಣ್ಣು ತಲಾ 50 ಅಥವಾ ಅದಕ್ಕೂ ಹೆಚ್ಚು ಪ್ರಾಣಿಗಳು ಬೇಕು.

ಸರಳ ಆಲ್ಕೇನ್‌ಗಳ ಪರೀಕ್ಷೆಗಳಲ್ಲಿ ಏನು ಕಂಡಿತು?

ಅಮೆರಿಕದ ತೈಲ ಉದ್ಯಮ ಮೇಲೆ ಹೇಳಿದ 1998ರ ಕರೆಗೆ ಉತ್ತರವಾಗಿ 422ನೆಯ ಮಾರ್ಗಸೂಚಿಯಂತೆ ಇಲಿಗಳ ಮೇಲೆ ಪರೀಕ್ಷೆಗಳನ್ನು ಮಾಡಿಸಿತು. ಈ ಮಾರ್ಗಸೂಚಿಯ ಅನುಕೂಲವೆಂದರೆ ಪುನರಾವರ್ತಿತ ಒಡ್ಡಿಕೆ, ನರವ್ಯೂಹ, ಸಂತಾನೋತ್ಪತ್ತಿ ಮತ್ತು ಮರಿಗಳ ಬೆಳವಣಿಗೆಯನ್ನು ಒಂದೇ ಅಧ್ಯಯನದಲ್ಲಿ ನೋಡಬಹುದು, ಪ್ರಾಣಿಗಳ ಸಂಖ್ಯೆ ಉಳಿಯುತ್ತದೆ. ಗರಿಷ್ಠ ಸಾಂದ್ರತೆ ಈಥೇನ್‌ಗೆ 16,000 ಪಿಪಿಎಂ, ಪ್ರೊಪೇನ್‌ಗೆ 12,000, ಎನ್-ಬ್ಯೂಟೇನ್ ಮತ್ತು ಐಸೊಬ್ಯೂಟೇನ್‌ಗೆ 9,000. ಇವೆಲ್ಲ ಆಯಾ ಅನಿಲದ ಸ್ಫೋಟದ ಕೆಳಮಿತಿಯ ಅರ್ಧದ ಸುತ್ತಮುತ್ತಲೇ ಇವೆ. ಈಥೇನ್ ಮತ್ತು ಎನ್-ಬ್ಯೂಟೇನ್ ಆ ತುತ್ತತುದಿಯ ಸಾಂದ್ರತೆಯಲ್ಲೂ ದುಷ್ಪರಿಣಾಮ ತೋರಲಿಲ್ಲ. ಮೀಥೇನ್‌ನ ವಿಷಯದಲ್ಲಿ ಹೊಸ ಪರೀಕ್ಷೆಯ ಅಗತ್ಯವೇ ಕಾಣದೆ, ಅದರ ನೆರೆಯ ಅನಿಲಗಳ ದತ್ತಾಂಶದಿಂದಲೇ ತೀರ್ಮಾನಿಸಬಹುದು ಎಂಬ ನಿಲುವು ಸಮಂಜಸವಾದದ್ದು.

ಬ್ಯೂಟೇನ್ ಮೂಸುವ ಹದಿಹರೆಯದವರು ಹಠಾತ್ತನೆ ಸಾಯುವುದನ್ನು ಈ ಪರೀಕ್ಷೆಗಳು ಏಕೆ ಹಿಡಿಯಲಿಲ್ಲ?

ಶಾಂತವಾಗಿ ಪಂಜರದಲ್ಲಿ ಕೂತ ಇಲಿಯಲ್ಲಿ ಅದು ಕಾಣುವುದೇ ಇಲ್ಲ. ಲೈಟರಿನ ಅನಿಲವನ್ನೋ ಸ್ಪ್ರೇಯನ್ನೋ ಅತ್ಯಧಿಕ ಸಾಂದ್ರತೆಯಲ್ಲಿ ಮೂಸಿದವರು ಓಡಿದಾಗ ಅಥವಾ ಬೆಚ್ಚಿಬಿದ್ದಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್‌ಗೆ ಹೃದಯ ವಿಪರೀತವಾಗಿ ಸ್ಪಂದಿಸಿ, ಬಡಿತದ ಲಯವೇ ತಪ್ಪಿಹೋಗುತ್ತದೆ. ಇದನ್ನು ಪತ್ತೆಹಚ್ಚಲೆಂದೇ ಬೇರೊಂದು ಪರೀಕ್ಷೆ ರೂಪುಗೊಂಡಿತು. 1970ರ ದಶಕದ ಆರಂಭದಲ್ಲಿ ನೆಲೆಗೊಂಡ ಈ ವಿಧಾನದಲ್ಲಿ ಎಚ್ಚರವಾಗಿರುವ ಬೀಗಲ್ ನಾಯಿಗೆ ಮೊದಲು ಅಡ್ರಿನಲಿನ್ ಮಾತ್ರ ಕೊಟ್ಟು ಇಸಿಜಿ ನೋಡುತ್ತಾರೆ. ಬಳಿಕ ಅನಿಲ ಉಸಿರಾಡಿಸುತ್ತಾ 5 ನಿಮಿಷ ಕಳೆದ ಮೇಲೆ ಮತ್ತೆ ಅಡ್ರಿನಲಿನ್ ಕೊಟ್ಟು ಹೋಲಿಸುತ್ತಾರೆ. ಪ್ರೊಪೇನ್, ಬ್ಯೂಟೇನ್, ಐಸೊಬ್ಯೂಟೇನ್ ಮೂರೂ ಸಾಕಷ್ಟು ಹೆಚ್ಚಿನ ಸಾಂದ್ರತೆಯಲ್ಲಿ ನಾಯಿಯ ಹೃದಯವನ್ನು ಹೀಗೆ ಸೂಕ್ಷ್ಮಗೊಳಿಸಬಲ್ಲವು. ಎಲ್‌ಸಿ50ಯ ಸಂಖ್ಯೆ ದೊಡ್ಡದಿದೆಯೆಂದು ನೆಮ್ಮದಿಯಿಂದಿರುವವರು ಈ ಪರೀಕ್ಷೆಯನ್ನು ಮರೆತಿರುತ್ತಾರೆ. ಒಂದು ಪ್ರಶ್ನೆಗೆಂದು ಕಟ್ಟಿದ ಪ್ರಯೋಗದಿಂದ ಮತ್ತೊಂದು ಪ್ರಶ್ನೆಗೆ ಉತ್ತರ ಬರುವುದಿಲ್ಲ.

1,3-ಬ್ಯೂಟಾಡೈಯೀನ್‌ನ ಪ್ರಕರಣಕ್ಕೆ ಅಷ್ಟೊಂದು ಮಹತ್ವವೇಕೆ?

ಏಕೆಂದರೆ ಕೇವಲ ತೀವ್ರ ವಿಷತ್ವವನ್ನು ನೋಡಿದ್ದರೆ ಅದು ಬ್ಯೂಟೇನ್‌ನ ಸಾಲಿನಲ್ಲೇ ಉಳಿಯುತ್ತಿತ್ತು. ಇಲಿಗಳಲ್ಲಿ ಅದರ 4 ಗಂಟೆಯ ಎಲ್‌ಸಿ50 ಪ್ರತಿ ಘನಮೀಟರಿಗೆ 285 ಗ್ರಾಂ, ಅಂದರೆ ಸುಮಾರು 1,29,000 ಪಿಪಿಎಂ. ಕೃತಕ ರಬ್ಬರಿನ ಈ ಕಚ್ಚಾವಸ್ತುವಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ದಶಕಗಳ ಕಾಲ ಇದ್ದ ಕಾನೂನಿನ ಮಿತಿ 1,000 ಪಿಪಿಎಂ.

ರಬ್ಬರ್ ಉದ್ಯಮ ಪ್ರಾಯೋಜಿಸಿದ ಅಧ್ಯಯನದಲ್ಲಿ ಇಲಿಗಳಿಗೆ 1,000 ಮತ್ತು 8,000 ಪಿಪಿಎಂ ಉಸಿರಾಡಿಸಿದಾಗ ಸ್ತನಗ್ರಂಥಿ, ಥೈರಾಯ್ಡ್ ಮುಂತಾದೆಡೆ ಗೆಡ್ಡೆಗಳು ಹೆಚ್ಚಿದವು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ ಬಿ6ಸಿ3ಎಫ್1 ತಳಿಯ ಸುಂಡಿಲಿಗಳಿಗೆ 625 ಮತ್ತು 1,250 ಪಿಪಿಎಂ ಕೊಟ್ಟು ಎರಡು ವರ್ಷ ನೋಡುವುದೆಂದು ಹೊರಟಿತ್ತು. ಆದರೆ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಮತ್ತಿತರ ಗೆಡ್ಡೆಗಳಿಂದ ಪ್ರಾಣಿಗಳು ಎಷ್ಟು ಬೇಗ ಸಾಯತೊಡಗಿದವೆಂದರೆ, 60-61 ವಾರಗಳಿಗೇ ಪ್ರಯೋಗವನ್ನು ಮುಗಿಸಬೇಕಾಯಿತು. ಹೃದಯದ ರಕ್ತನಾಳಗಳ ಕ್ಯಾನ್ಸರ್ ಸುಂಡಿಲಿಗಳಲ್ಲಿ ತೀರ ಅಪರೂಪ. ಇಲ್ಲಿ ಅದು ಸಾಮಾನ್ಯವೆಂಬಷ್ಟು ಕಂಡಿತು. 1984ರಲ್ಲಿ ಈ ವರದಿ ಹೊರಬಂತು. ಎರಡನೆಯ ಅಧ್ಯಯನ 1993ರಲ್ಲಿ ಪ್ರಕಟವಾಯಿತು; ಅದರಲ್ಲಿ ಸಾಂದ್ರತೆಯನ್ನು 6.25 ಪಿಪಿಎಂವರೆಗೆ ಇಳಿಸಿದ್ದರು, ಆ ಮಟ್ಟದಲ್ಲೂ ಹೆಣ್ಣು ಸುಂಡಿಲಿಗಳ ಶ್ವಾಸಕೋಶದ ಗೆಡ್ಡೆಗಳು ಹೆಚ್ಚಿದ್ದವು.

ಇಲಿಗೆ ಸಾವಿರಗಟ್ಟಲೆ ಪಿಪಿಎಂ ಬೇಕಾದಲ್ಲಿ ಸುಂಡಿಲಿಗೆ ಆರು ಪಿಪಿಎಂ ಸಾಕಾದದ್ದೇಕೆ ಎಂಬ ಪ್ರಶ್ನೆ ವರ್ಷಗಟ್ಟಲೆ ಚರ್ಚೆಗೆ ಕಾರಣವಾಯಿತು. ಬ್ಯೂಟಾಡೈಯೀನ್ ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ದೇಹದ ಸೈಟೊಕ್ರೋಮ್ ಪಿ450 ಕಿಣ್ವಗಳು ಅದರ ದ್ವಿಬಂಧಕ್ಕೆ ಆಮ್ಲಜನಕ ಸೇರಿಸಿ ಮೊದಲು ಮೊನೊಎಪಾಕ್ಸೈಡ್, ಆಮೇಲೆ ಡೈಎಪಾಕ್ಸೈಡ್ ಮಾಡುತ್ತವೆ. ಅಪಾಯ ಇರುವುದು ಇವುಗಳಲ್ಲಿ, ಅದರಲ್ಲೂ ಎರಡನೆಯದರಲ್ಲಿ. ಸುಂಡಿಲಿಯ ದೇಹ ಡೈಎಪಾಕ್ಸೈಡನ್ನು ಇಲಿಗಿಂತ ಬಹಳ ಹೆಚ್ಚು ತಯಾರಿಸುತ್ತದೆ, ನಿರ್ವಿಷಗೊಳಿಸುವ ಕೆಲಸದಲ್ಲಿ ಇಲಿಗಿಂತ ಹಿಂದಿದೆ. ಇದರ ಜೊತೆಗೆ ಆ ತಳಿಯ ಸುಂಡಿಲಿಗಳ ಜೀನ್‌ಗಳಲ್ಲೇ ಅಡಗಿರುವ ರೆಟ್ರೊವೈರಸ್ ಲಿಂಫೋಮಾವನ್ನು ಹೆಚ್ಚಿಸಿತೆಂಬುದು, ಅಂಥ ವೈರಸ್ ಚಟುವಟಿಕೆಯಿಲ್ಲದ ಇನ್ನೊಂದು ತಳಿಯೊಂದಿಗೆ ಹೋಲಿಸಿದಾಗ ತಿಳಿಯಿತು. ಆದರೆ ಆ ಇನ್ನೊಂದು ತಳಿಯಲ್ಲೂ ಲಿಂಫೋಮಾ ಬಂದಿತ್ತು, ಕಡಿಮೆ ಪ್ರಮಾಣದಲ್ಲಿ ಅಷ್ಟೇ.

ಮನುಷ್ಯನ ಚಯಾಪಚಯ ಸುಂಡಿಲಿಗಿಂತ ಇಲಿಗೆ ಹತ್ತಿರವೆಂದು ವಾದಿಸಿದವರ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ. ಆದರೆ ಅಷ್ಟರಿಂದ ಮನುಷ್ಯನಿಗೆ ಅಪಾಯವಿಲ್ಲವೆಂದು ಹೇಳಹೊರಟದ್ದು ಅತಿಯಾಯಿತು, ಏಕೆಂದರೆ ಕೃತಕ ರಬ್ಬರ್ ಕಾರ್ಮಿಕರ ಅಧ್ಯಯನಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿರುವುದು ಕಂಡುಬಂತು. 1996ರಲ್ಲಿ ಅಮೆರಿಕ ತನ್ನ ಮಿತಿಯನ್ನು 1,000 ಪಿಪಿಎಂನಿಂದ 1 ಪಿಪಿಎಂಗೆ ಇಳಿಸಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂದು ಬ್ಯೂಟಾಡೈಯೀನನ್ನು ಮನುಷ್ಯನಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿನಲ್ಲಿರಿಸಿದೆ.

ಎಥಿಲೀನ್ ಕೂಡ ದೇಹದಲ್ಲಿ ಎಪಾಕ್ಸೈಡ್ ಆಗುತ್ತದಲ್ಲ, ಅದೇಕೆ ಕ್ಯಾನ್ಸರ್ ತರಲಿಲ್ಲ?

ಎಥಿಲೀನ್‌ನಿಂದ ಹುಟ್ಟುವ ಎಥಿಲೀನ್ ಆಕ್ಸೈಡ್ ಸಾಬೀತಾದ ಕ್ಯಾನ್ಸರ್‌ಕಾರಕ. ಆದರೂ ಫಿಶರ್ 344 ತಳಿಯ ಇಲಿಗಳಿಗೆ 3,000 ಪಿಪಿಎಂವರೆಗೆ ಎರಡು ವರ್ಷ ಎಥಿಲೀನ್ ಉಸಿರಾಡಿಸಿದ ಅಧ್ಯಯನದಲ್ಲಿ ಗೆಡ್ಡೆಗಳು ಹೆಚ್ಚಲಿಲ್ಲ. ಎಥಿಲೀನ್ ಅನ್ನು ಬದಲಿಸುವ ಕಿಣ್ವ ಸುಮಾರು 1,000 ಪಿಪಿಎಂ ಹೊತ್ತಿಗೆ ತನ್ನ ಸಾಮರ್ಥ್ಯದ ಕೊನೆ ಮುಟ್ಟುತ್ತದೆ. ಆಮೇಲೆ ಎಷ್ಟು ಎಥಿಲೀನ್ ಒಳಸೇರಿದರೂ ಎಥಿಲೀನ್ ಆಕ್ಸೈಡ್ ಹೆಚ್ಚುವುದಿಲ್ಲ. ಹಾಗೆ ತಯಾರಾದ ಅಲ್ಪ ಪ್ರಮಾಣ, ಎರಡು ವರ್ಷಗಳ ಪರೀಕ್ಷೆಯಲ್ಲಿ ಎದ್ದುಕಾಣುವಷ್ಟು ಗೆಡ್ಡೆಗಳನ್ನು ತರಲು ಸಾಲದು. ಸಾಂದ್ರತೆ ಏರಿಸಿದಷ್ಟೂ ಪರೀಕ್ಷೆ ಬಲವಾಗುತ್ತದೆಂಬ ನಂಬಿಕೆಗೆ ಇದು ಸರಿಯಾದ ಪ್ರತ್ಯುತ್ತರ. ಪ್ರೊಪಿಲೀನ್ ಕೂಡ 10,000 ಪಿಪಿಎಂನಲ್ಲಿ ಕ್ಯಾನ್ಸರ್ ತರಲಿಲ್ಲ, ಇಲಿಗಳ ಮೂಗಿನೊಳಪದರದಲ್ಲಿ ಉರಿಯೂತ ಮತ್ತು ಜೀವಕೋಶಗಳ ಬೆಳವಣಿಗೆ ಮಾತ್ರ ಕಂಡಿತು.

ಮೂಗಿನ ಬದಲಾವಣೆಗಳನ್ನು ಮನುಷ್ಯನಿಗೆ ಅನ್ವಯಿಸಬಹುದೇ?

ಇಲಿ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ಅದರ ಮೂಗಿನೊಳಗಿನ ಸುರುಳಿಗಳು ಮನುಷ್ಯನದಕ್ಕಿಂತ ಬಹಳ ಜಟಿಲ. ಕಿಲೊಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ ಅದು ನಿಮಿಷಕ್ಕೆ ಒಳಗೆಳೆಯುವ ಗಾಳಿಯೂ ವಿಶ್ರಾಂತ ಮನುಷ್ಯನದರ ಹಲವು ಪಟ್ಟು. ಆದ್ದರಿಂದ ನೇರವಾಗಿ ಅನ್ವಯಿಸುವುದು ಸರಿಯಲ್ಲ, ತಳ್ಳಿಹಾಕುವುದೂ ಸರಿಯಲ್ಲ.

ಭಾರತದಲ್ಲಿ ಇಂಥ ಪರೀಕ್ಷೆ ನಡೆಸಲು ಯಾರ ಅನುಮತಿ ಬೇಕು?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರ ಸಮಿತಿ, ಅಂದರೆ ಈಗಿನ ಸಿಸಿಎಸ್‌ಇಎ, ಹಿಂದಿನ ಸಿಪಿಸಿಎಸ್‌ಇಎ, ಪ್ರಯೋಗಾಲಯವನ್ನು ನೋಂದಾಯಿಸಬೇಕು. ಇಲಿ ಮತ್ತು ಸುಂಡಿಲಿಗಳ ಪ್ರಯೋಗವನ್ನು ಆಯಾ ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಪರಿಶೀಲಿಸಿ ಒಪ್ಪಬಹುದು. ನಾಯಿಯಂಥ ದೊಡ್ಡ ಪ್ರಾಣಿಗಳಿಗೆ ಕೇಂದ್ರ ಸಮಿತಿಯ ಒಪ್ಪಿಗೆಯೇ ಬೇಕು. ವರದಿಯನ್ನು ಹೊರದೇಶದ ನಿಯಂತ್ರಕರು ಒಪ್ಪಬೇಕಾದರೆ ಉತ್ತಮ ಪ್ರಯೋಗಾಲಯ ಪದ್ಧತಿಯ ಪ್ರಮಾಣಪತ್ರವಿರಬೇಕು. 2011ರಲ್ಲಿ ಭಾರತ ಒಇಸಿಡಿಯ ದತ್ತಾಂಶ ಪರಸ್ಪರ ಸ್ವೀಕಾರ ವ್ಯವಸ್ಥೆಗೆ ಪೂರ್ಣವಾಗಿ ಸೇರಿದ ಮೇಲೆ ಇಲ್ಲಿನ ವರದಿಗಳನ್ನು ಬೇರೆಡೆ ಮರುಪರೀಕ್ಷೆಯಿಲ್ಲದೆ ಒಪ್ಪುತ್ತಾರೆ. ಬೆಂಗಳೂರಿನ ಸುತ್ತಮುತ್ತಲಿನ ಗುತ್ತಿಗೆ ಪ್ರಯೋಗಾಲಯಗಳಿಗೆ ಹೊರದೇಶದ ಕೆಲಸ ಬರುವುದು ಈ ಒಪ್ಪಂದದ ಬಲದಿಂದಲೇ.

ಪ್ರಾಣಿಗಳಿಲ್ಲದೆ ಈ ಕೆಲಸ ಸಾಧ್ಯವಿಲ್ಲವೇ?

ಭಾಗಶಃ ಸಾಧ್ಯ. 2009ರ 436ನೆಯ ಮಾರ್ಗಸೂಚಿಯಿಂದ ಹಂತಹಂತವಾಗಿ ಕಡಿಮೆ ಪ್ರಾಣಿಗಳಲ್ಲೇ ವರ್ಗೀಕರಣ ಮಾಡಬಹುದು. 2017ರ 433ನೆಯದರಲ್ಲಿ ಸಾವಿಗಾಗಿ ಕಾಯದೆ, ಸ್ಪಷ್ಟ ವಿಷಲಕ್ಷಣ ಕಂಡಾಗಲೇ ನಿರ್ಣಯಿಸುತ್ತಾರೆ. ಆಲ್ಕೇನ್‌ಗಳ ಮಟ್ಟಿಗಂತೂ ಹೊಸದಾಗಿ ಎಲ್‌ಸಿ50 ಹುಡುಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದೇ ಈ ಲೇಖಕನ ಅಭಿಪ್ರಾಯ; ಸರಪಳಿಯ ಉದ್ದ, ಕೊಬ್ಬಿನಲ್ಲಿ ಕರಗುವ ಗುಣ ಮತ್ತು ಇರುವ ದತ್ತಾಂಶದಿಂದಲೇ ಅದನ್ನು ಅಂದಾಜಿಸಬಹುದು. ದ್ವಿಬಂಧವಿರುವ ಅನಿಲಗಳಲ್ಲಿ ಮಾತ್ರ ಅಷ್ಟು ಧೈರ್ಯ ಸಲ್ಲದು. ಎಥಿಲೀನ್ ಮತ್ತು ಬ್ಯೂಟಾಡೈಯೀನ್ ಎರಡೂ ಎಪಾಕ್ಸೈಡ್ ಆಗುತ್ತವೆಂದು ಕಾಗದದ ಮೇಲೆ ಒಂದೇ ಗುಂಪಿಗೆ ಸೇರಿಸಿದ್ದರೆ ಎರಡರಲ್ಲೊಂದರ ವಿಷಯದಲ್ಲಿ ತೀರ್ಮಾನ ತಪ್ಪುತ್ತಿತ್ತು. ಮನುಷ್ಯನ ಯಕೃತ್ತಿನ ಜೀವಕೋಶಗಳಲ್ಲಿ ಚಯಾಪಚಯದ ವೇಗವನ್ನು ಅಳೆದು ಗಣಿತದ ಮಾದರಿಗಳಿಗೆ ಊಡಿಸುವ ವಿಧಾನ ಇಂಥಲ್ಲಿ ನೆರವಾಗುತ್ತದೆ.

ಸುರಕ್ಷತಾ ಮಾಹಿತಿ ಪತ್ರದಲ್ಲಿನ ಸಂಖ್ಯೆಗಳನ್ನು ಓದುವುದು ಹೇಗೆ?

ಮೊದಲು ಆ ಸಂಖ್ಯೆ ಯಾವ ಕಾರಣಕ್ಕೆ ಹುಟ್ಟಿತೆಂದು ಕೇಳಬೇಕು. ಅಮೆರಿಕದಲ್ಲಿ ಕೆಲಸದ ಸ್ಥಳಗಳ ಸುರಕ್ಷತೆಯನ್ನು ಅಧ್ಯಯನ ಮಾಡುವ ನಿಯೋಶ್ ಸಂಸ್ಥೆ ಪ್ರೊಪೇನ್‌ಗೆ ಜೀವಕ್ಕೆ ತಕ್ಷಣ ಅಪಾಯಕಾರಿ ಎಂದು ಕೊಟ್ಟಿರುವ ಸಾಂದ್ರತೆ 2,100 ಪಿಪಿಎಂ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇಲಿಗಳು 12,000 ಪಿಪಿಎಂನಲ್ಲಿ ವಾರಗಟ್ಟಲೆ ಉಸಿರಾಡಿದವು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಗೊಂದಲವಾಗುವುದು ಸಹಜ. ಆ 2,100 ಪಿಪಿಎಂ ಸ್ಫೋಟದ ಕೆಳಮಿತಿಯ ಹತ್ತರಲ್ಲೊಂದು ಭಾಗ. ವಿಷತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್‌ಸಿ50 ಕಂಡರೆ ಅದರ ಜೊತೆಗೆ ಅವಧಿ ಮತ್ತು ಪ್ರಾಣಿಯ ಹೆಸರಿದೆಯೇ ನೋಡಬೇಕು, ಏಕೆಂದರೆ 15 ನಿಮಿಷದ ಸಂಖ್ಯೆಯನ್ನು 4 ಗಂಟೆಯದರೊಂದಿಗೆ ಹೋಲಿಸಲು ಬರುವುದಿಲ್ಲ. ಸಂಸ್ಕರಣಾಗಾರದ ಮಿಶ್ರ ಅನಿಲಗಳ ಪತ್ರವಾದರೆ ಬ್ಯೂಟಾಡೈಯೀನ್‌ನ ಪಾಲನ್ನು ಹುಡುಕಬೇಕು: ಯುರೋಪಿನ ನಿಯಮದಲ್ಲಿ ಅದು ತೂಕದ ಶೇ. 0.1ಕ್ಕಿಂತ ಕಡಿಮೆಯಿದ್ದರೆ ಇಂಥ ಹಲವು ಅನಿಲಗಳಿಗೆ ಕ್ಯಾನ್ಸರ್‌ಕಾರಕವೆಂಬ ಪಟ್ಟಿ ಹಚ್ಚುವ ಅಗತ್ಯವಿಲ್ಲ, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಚ್ಚಲೇಬೇಕು.